ಕಬಿನಿಯ ಹುಲ್ಲಿನಿಂದ ಮಲ್ಪೆಯ ಬೂತಾಯಿವರೆಗೆ

ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿದುಕೊಳ್ಳುವುದರೊಳಗೆ ಎಲ್ಲಿಗಾದರೂ ಹೋಗಿ ಬರಲೇಬೇಕೆಂದು ತಂಗಿ ಪಟ್ಟು ಹಿಡಿದಿದ್ದಳು. ಅವಳ ಮಗ ಹತ್ತನೇ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾನೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಪರಿಸರ ವ್ಯವಸ್ಥೆಯ ಅಧ್ಯಾಯ ಬಂದಾಗಲೆಲ್ಲ ಬೋರ್ಡಿನ ಮೇಲೆ ತ್ರಿಕೋನ ಬರೆದು, ಅಡ್ಡಗೆರೆ ಎಳೆದು, ಬುಡದಲ್ಲಿ ಹುಲ್ಲು, ತುದಿಯಲ್ಲಿ ಹುಲಿ ಎಂದು ಬರೆಸುತ್ತೇನೆ. ಪರಿಸರ ಪಿರಮಿಡ್ಡು ಎನ್ನುವುದು ಇದನ್ನೇ: ತಿನ್ನಿಸಿಕೊಳ್ಳುವವು ಕೆಳಗೆ, ಅವನ್ನು ತಿನ್ನುವವು ಮೇಲೆ. ಆ ತ್ರಿಕೋನದ ಒಳಗೇ ಓಡಾಡಿ ಬರಬಹುದಾದ ದಾರಿಯೊಂದು ನಮ್ಮ ನಾಡಿನಲ್ಲೇ ಇದೆ: ಕಬಿನಿ ಹಿನ್ನೀರಿನ ಕಾಡು, ಕೊಡಗಿನ ಕಾಫಿತೋಟ, ಮಲ್ಪೆಯ ಕಡಲು. ಮೂರು ಕಡೆಯೂ ಅದರ ಆಕಾರ ಬೇರೆ. ಕಾರು ತಂಗಿಯದು, ಓಡಿಸುವವಳೂ ಅವಳೇ. ದಾರಿ ನಾನು ಹೇಳಿದ್ದು.

ಮೊದಲ ದಿನ: ದಮ್ಮನಕಟ್ಟೆ

ಹ್ಯಾಂಡ್‌ಪೋಸ್ಟ್ ಎಂಬ ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹೊಗೆಸೊಪ್ಪಿನ ಸಸಿ ನೆಡುವವರ ಸಾಲು, ನಡುನಡುವೆ ಹತ್ತಿ, ಶುಂಠಿ. ಅಂತರಸಂತೆಯ ಪುಟ್ಟ ಹೋಟೆಲಿನಲ್ಲಿ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಸಿಕ್ಕಿತು. ಮಧ್ಯಾಹ್ನದ ಸಫಾರಿಗೆ ಹೋಗುವವರು ಇಲ್ಲೇ ಉಂಡು ಹೊರಡುವುದು ಲೇಸು, ಸಫಾರಿ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ನಾಗರಹೊಳೆ ಕಾಡಿನ ಸಫಾರಿ ಹೊರಡುವ ದಮ್ಮನಕಟ್ಟೆ ಗೇಟಿನ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿದ್ದೆವು. ಶನಿವಾರ, ಭಾನುವಾರ ಬಿಟ್ಟು ಬಂದರೆ ನೂಕುನುಗ್ಗಲು ಇರುವುದಿಲ್ಲ.

ಬೇಸಿಗೆಯ ಕೊನೆಗೆ ಕಬಿನಿ ಹಿನ್ನೀರು ಎಷ್ಟು ಹಿಂದೆ ಸರಿದಿರುತ್ತದೆಂದರೆ, ಮೊದಲ ಸಲ ನೋಡುವವರಿಗೆ ಅದು ಅಣೆಕಟ್ಟಿನ ನೀರು ನಿಲ್ಲುವ ಜಾಗವೆಂದು ನಂಬಿಕೆಯೇ ಬರುವುದಿಲ್ಲ. 1974ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಮರಗಳ ಮೋಟುಗಳು ಈಗಲೂ ಕಪ್ಪಗೆ ನಿಂತಿವೆ. ಅವುಗಳ ಸುತ್ತ ಎಳೆ ಹುಲ್ಲು, ಕಣ್ಣು ಹಾಯುವವರೆಗೂ. ಕಾಡಿನ ಒಳಗೆ ಎಲ್ಲವೂ ಒಣಗಿ ಗರಿಗರಿಯಾಗಿರುವಾಗ ಹಸಿಹಸಿಯಾಗಿ ಮೇಯಲು ಸಿಗುವುದು ಇಲ್ಲಿಯೇ. ಆನೆಗಳು ಮರಿಗಳನ್ನು ನಡುವೆ ಇಟ್ಟುಕೊಂಡು ಹುಲ್ಲನ್ನು ಸೊಂಡಿಲಿನಿಂದ ಕಿತ್ತು, ಕಾಲಿಗೆ ಬಡಿದು ಮಣ್ಣು ಕೊಡವಿ ಬಾಯಿಗಿಡುತ್ತಿದ್ದವು. ಜಿಂಕೆಗಳನ್ನು ಎಣಿಸಲು ಹೊರಟ ಹುಡುಗ ಸ್ವಲ್ಪ ಹೊತ್ತಿಗೆ ಕೈಬಿಟ್ಟ.

ಬಸ್ಸು ಓಡಿಸುತ್ತಿದ್ದವರು ಅಲ್ಲೇ ಹಾಡಿಯವರು. "ಮಳೆ ಬಂದು ಡ್ಯಾಮ್ ತುಂಬ್ತು ಅಂದ್ರೆ ಈ ಹುಲ್ಲೆಲ್ಲ ನೀರೊಳಕ್ಕೆ ಹೋಯ್ತದೆ ಮೇಡಂ. ಆಗ ಆನೆನೂ ಒಳಕ್ಕೆ ಹೋಯ್ತವೆ. ನೀರು ಇಳಿದು ಹುಲ್ಲು ಚಿಗುರಿದಂಗೆ ಮತ್ತೆ ಬತ್ತವೆ" ಎಂದರು. ಹಿಂದಿನ ಸೀಟಿನಿಂದ ಯಾರೋ "ಹುಲಿ ಎಲ್ಲಣ್ಣಾ?" ಎಂದು ಕೂಗಿದರು. ಅವರು ತಲೆ ಅಲ್ಲಾಡಿಸಿ ಸುಮ್ಮನಾದರು.

"ದೊಡ್ಡಮ್ಮ, ಇಷ್ಟೊಂದು ಜಿಂಕೆ ಇವೆಯಲ್ಲ, ಹುಲಿ ಮಾತ್ರ ಯಾಕೆ ಇಷ್ಟು ಕಮ್ಮಿ?"

ಈ ಕಾಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1986ರಲ್ಲಿ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ಶುರುಮಾಡಿದರು. ಹುಲಿಯನ್ನು ತಿಳಿಯಬೇಕೆಂದು ಹೊರಟವರು ಜಿಂಕೆ, ಕಡವೆ, ಕಾಟಿ (ಕಾಡುಕೋಣ), ಹಂದಿಗಳನ್ನು ಎಣಿಸುವುದಕ್ಕೂ ಅಷ್ಟೇ ಬೆವರು ಸುರಿಸಿದರು. ಅವರ ಲೆಕ್ಕ ಸರಳವಾದದ್ದು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಬೇಟೆಯ ಪ್ರಾಣಿಗಳ ಹಿಂಡಿನಲ್ಲಿ ಹತ್ತರಲ್ಲೊಂದು ಪಾಲನ್ನು ಹುಲಿ ತೆಗೆದರೆ ಹುಟ್ಟುವ ಮರಿಗಳು ಆ ಕೊರತೆಯನ್ನು ತುಂಬುತ್ತವೆ. ಹಾಗಾಗಿ ಒಂದು ಹುಲಿ ಬದುಕಬೇಕಾದರೆ ಕಾಡಿನಲ್ಲಿ ಸುಮಾರು 500 ಬೇಟೆಪ್ರಾಣಿಗಳು ಇರಬೇಕು. ಹುಲಿ ಸಂರಕ್ಷಿತ ಪ್ರದೇಶದ ನಡುಗಾಡು 643 ಚದರ ಕಿಲೋಮೀಟರ್ ಇದ್ದರೂ ಹುಲಿಗಳ ಸಂಖ್ಯೆಗೆ ಮಿತಿ ಬೀಳುವುದು ಈ ಲೆಕ್ಕದಿಂದಲೇ.

ನನ್ನ ವಿದ್ಯಾರ್ಥಿಗಳು ಇಲ್ಲಿ ಎರಡು ಹತ್ತುಗಳನ್ನು ಒಂದು ಮಾಡಿಬಿಡುತ್ತಾರೆ. ಹತ್ತರಲ್ಲೊಂದು ಜಿಂಕೆ ಎನ್ನುವುದು ತಲೆ ಎಣಿಕೆ. ಪಠ್ಯದಲ್ಲಿ ಬರುವ ಶೇಕಡಾ 10 ಎನ್ನುವುದು ಒಂದು ಪೋಷಣಾ ಸ್ತರದಿಂದ, ಅಂದರೆ ಆ ತ್ರಿಕೋನದ ಒಂದು ಮೆಟ್ಟಿಲಿನಿಂದ, ಮೇಲಿನದಕ್ಕೆ ದಾಟುವ ಶಕ್ತಿಯ ಲೆಕ್ಕ. ಜಿಂಕೆ ಹುಲ್ಲನ್ನು ತಿನ್ನುತ್ತದೆ, ಒಂದಷ್ಟು ಅರಗದೆ ಹಿಕ್ಕೆಯಾಗಿ ಹೋಗುತ್ತದೆ. ಅರಗಿದ್ದರಲ್ಲೂ ಬಹುಪಾಲು ಓಡುವುದಕ್ಕೆ, ಉಸಿರಾಡುವುದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಮೈ ಬಿಸಿಯಾಗಿ ಇಟ್ಟುಕೊಳ್ಳುವುದಕ್ಕೆ ಉರಿದುಹೋಗುತ್ತದೆ. ಸಸ್ತನಿಗಳ ಮೈಯಲ್ಲಿ ಮಾಂಸವಾಗಿ ಉಳಿಯುವುದು ಅರಗಿದ ಶಕ್ತಿಯ ನೂರರಲ್ಲಿ ಎರಡೋ ಮೂರೋ ಪಾಲು. ಹುಲಿಗೆ ಸಿಗುವುದು ಆ ಎರಡು ಮೂರರಲ್ಲಿ ಒಂದು ಭಾಗ. ಅದನ್ನೂ ಚಿರತೆ, ಸೀಳುನಾಯಿಗಳೊಂದಿಗೆ ಹಂಚಿಕೊಳ್ಳಬೇಕು. ನಾಗರಹೊಳೆಯಲ್ಲಿ ಈ ಮೂರೂ ಒಟ್ಟಿಗೆ ಬಾಳುವುದಕ್ಕೆ ಕಾರಣವೂ ಬೇಟೆಯ ವೈವಿಧ್ಯವೇ: ಹುಲಿ ಕಾಟಿ, ಕಡವೆಯಂಥ ದೊಡ್ಡದಕ್ಕೆ ಕೈಹಾಕುತ್ತದೆ, ಉಳಿದೆರಡು ಹೆಚ್ಚಾಗಿ ಜಿಂಕೆಯ ಹಿಂದೆ ಬೀಳುತ್ತವೆ.

ವಾಪಸು ಬರುವಾಗ ಅದೇ ಕಣ್ಣೆದುರಿಗೆ ಬಂತು. ದಿಬ್ಬದ ಮರೆಯಲ್ಲಿ ಸೀಳುನಾಯಿಗಳ ಗುಂಪು ಜಿಂಕೆಯೊಂದನ್ನು ಕೆಡವಿ ತಿನ್ನುತ್ತಿತ್ತು. ಎಷ್ಟು ಬೇಗ! ಒಂದು ತಿನ್ನುವಾಗ ಇನ್ನೊಂದು ತಲೆಯೆತ್ತಿ ಕಾವಲು. ಕಾಗೆಗಳು ಪಕ್ಕದಲ್ಲೇ ಕಾಯುತ್ತಿದ್ದವು. ಬಸ್ಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆದರೂ ಗೇಟಿನಲ್ಲಿ ಇಳಿದಾಗ ಹಲವರ ಮುಖ ಸಪ್ಪಗಿತ್ತು, ಹುಲಿ ಕಾಣಲಿಲ್ಲವಲ್ಲ ಎಂದು. ನನಗೆ ಅದು ನಿಜಕ್ಕೂ ಸಂಕಟ. ಇಡೀ ಕಾಡು ಕಣ್ಣೆದುರು ಮೇಯುತ್ತಿತ್ತು.

ಎರಡನೇ ದಿನ: ಬಳ್ಳೆ, ಬಾವಲಿ, ಕುಟ್ಟ

ರಾತ್ರಿ ಗುಡುಗಿ ಸುರಿಯಿತು. ಬೆಳಗಾಗುವುದರೊಳಗೆ ನಾವು ತಂಗಿದ್ದ ಮನೆಯ ಅಂಗಳದಲ್ಲಿ ಈಚಲು ಹುಳುಗಳ ರೆಕ್ಕೆ ರಾಶಿ ಬಿದ್ದಿತ್ತು. ಗೆದ್ದಲಿಗೆ ರೆಕ್ಕೆ ಬಂದು ಹುತ್ತದಿಂದ ಏಳುವ ಹೊತ್ತು ಇದು. ಮೈನಾ, ಕಾಜಾಣ, ಓತಿಕ್ಯಾತ, ಕಪ್ಪೆ ಎಲ್ಲಕ್ಕೂ ಹಬ್ಬ. ಮನೆಯ ಅಜ್ಜಿ ರೆಕ್ಕೆ ಗುಡಿಸುತ್ತಾ, "ಮೊದಲೆಲ್ಲ ನಾವೂ ಹುರಿದು ತಿಂತಿದ್ವಿ ಕಣವ್ವ. ಪುರಿ ಜೊತೆ ಬಲು ರುಚಿ" ಎಂದರು.

ಪಠ್ಯದ ತ್ರಿಕೋನದಲ್ಲಿ ಗೆದ್ದಲಿಗೆ ಜಾಗವೇ ಇರುವುದಿಲ್ಲ, ನನಗೆ ಅದು ಯಾವಾಗಲೂ ಕೊರತೆ ಎನಿಸಿದೆ. ತೇಗ, ಮತ್ತಿ, ದಿಂಡಿಗ, ಹೊನ್ನೆಗಳ ಈ ಕಾಡಿನಲ್ಲಿ ಬಿಡುವ ಎಲೆಗಳಲ್ಲಿ ಮೇಯುವ ಪ್ರಾಣಿಗಳ ಬಾಯಿಗೆ ಹೋಗುವುದು ಸ್ವಲ್ಪವೇ. ಬಹುಪಾಲು ಉದುರಿ ನೆಲ ಸೇರುತ್ತದೆ. ಅಲ್ಲಿಂದ ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಇನ್ನೊಂದು ಸರಪಳಿ ಶುರುವಾಗುತ್ತದೆ. ಮೊದಲ ಮಳೆಗೆ ಆ ನೆಲದಡಿಯ ಶಕ್ತಿ ಒಮ್ಮೆಲೇ ರೆಕ್ಕೆ ಕಟ್ಟಿಕೊಂಡು ಹಕ್ಕಿಗಳ ಹೊಟ್ಟೆ ಸೇರುತ್ತದೆ. ಹುತ್ತ ಅಗೆದು ಗೆದ್ದಲನ್ನು ಹೀರುವ ಕರಡಿಯೂ ಈ ಸರಪಳಿಯದೇ ಕೊಂಡಿ.

ಮಾನಂದವಾಡಿ ರಸ್ತೆಯಲ್ಲಿ ಕಾಡು ಹೊಕ್ಕೆವು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಈ ದಾರಿ ಮುಚ್ಚಿರುತ್ತದೆ, ಹಗಲಿನಲ್ಲೂ ನಡುವೆ ಕಾರು ನಿಲ್ಲಿಸಿ ಇಳಿಯುವಂತಿಲ್ಲ. ಆದರೆ ಬಳ್ಳೆಯ ಆನೆ ಶಿಬಿರಕ್ಕೆ ಸ್ವಲ್ಪ ಮುಂಚೆ ನಿಲ್ಲಲೇಬೇಕಾಯಿತು. ಹೆಣ್ಣಾನೆಯೊಂದು ರಸ್ತೆಯ ನಡುವೆ ಬಿದಿರು ಮುರಿಯುತ್ತಾ ನಿಂತಿತ್ತು. ಮುಂದೆ ಕೇರಳದ ಬಸ್ಸು, ಅದರ ಹಿಂದೆ ನಾವು. ಬಸ್ಸಿನ ಚಾಲಕರು ಎಂಜಿನ್ ಆರಿಸಿ ಕೈಸನ್ನೆ ಮಾಡಿದರು, ತಂಗಿಯೂ ಆರಿಸಿದಳು. ಅರ್ಧ ಗಂಟೆ ಕಳೆದಿರಬೇಕು. ಆನೆ ಲದ್ದಿ ಹಾಕಿ, ನಿಧಾನಕ್ಕೆ ಇಳಿಜಾರಿನಲ್ಲಿ ಇಳಿದು ಹೋಯಿತು.

ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುವ ಪ್ರಾಣಿ ಆನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆಯೇ ಹೊರಬರುತ್ತದೆ. ಬೆಳೆದ ಆನೆಯನ್ನು ಕೊಲ್ಲುವ ಮಾಂಸಾಹಾರಿ ಈ ಕಾಡಿನಲ್ಲಿಲ್ಲ. ಹಾಗೆ ನೋಡಿದರೆ ಕಬಿನಿ ದಂಡೆಯ ಹುಲ್ಲಿನ ದೊಡ್ಡದೊಂದು ಪಾಲು ಹುಲಿಯ ಕಡೆ ಹೋಗುವುದೇ ಇಲ್ಲ. ಆನೆಯ ಮೈ ಸೇರುತ್ತದೆ, ಇಲ್ಲವೇ ಲದ್ದಿಯಾಗಿ ಸಗಣಿಹುಳು, ಅಣಬೆ, ಮೊಳಕೆಗಳ ಪಾಲಾಗುತ್ತದೆ.

ಬಾವಲಿ ಚೆಕ್‌ಪೋಸ್ಟಿನಲ್ಲಿ ಕಟ್ಟನ್ ಚಾಯ ಕುಡಿದೆವು. ಕಾಟಿಕುಳಂ ದಾಟಿ ತೋಲ್ಪೆಟ್ಟಿ ಕಾಡಿಗೆ ಬಂದಾಗ ತಂಗಿ "ಎಷ್ಟು ಹಸಿರಾಗಿದೆ ನೋಡೇ ಅಕ್ಕ!" ಎಂದಳು. ನಿಜ, ಕಣ್ಣು ತುಂಬುವಷ್ಟು ಹಸಿರು. ಆದರೆ ರಸ್ತೆಬದಿಯಲ್ಲಿ ಒತ್ತಾಗಿ ನಿಂತಿದ್ದವು ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರಗಳು. ದಕ್ಷಿಣ, ಮಧ್ಯ ಅಮೆರಿಕದಿಂದ ಬಂದು ವಯನಾಡಿನ ಕಾಡುಗಳನ್ನೂ ನಾಗರಹೊಳೆ, ಬಂಡೀಪುರದ ಅಂಚುಗಳನ್ನೂ ಆವರಿಸುತ್ತಿರುವ ಮರ. ಅಲ್ಲಿನವರು ಮಂಜಕೊನ್ನ ಎನ್ನುತ್ತಾರೆ. ಕಡಿದರೆ ಬುಡದಿಂದ ಹತ್ತು ಚಿಗುರು ಏಳುತ್ತದೆ, ಅದಕ್ಕೇ ತೊಗಟೆ ಸುಲಿದು ನಿಂತಲ್ಲೇ ಒಣಗಿಸುವುದು, ಇಲ್ಲವೇ ಬೇರುಸಹಿತ ಕೀಳುವುದು. ಅದರ ನೆರಳಿನಡಿ ಹುಲ್ಲು ಏಳುವುದಿಲ್ಲ, ಜಿಂಕೆ ಕಾಟಿಗಳಿಗೆ ಅದರ ಸೊಪ್ಪು ಬೇಡ. ಬಂಡೀಪುರದ ಲಾಂಟಾನ ಪೊದೆಗಳದ್ದೂ ಇದೇ ಕಥೆ. ಸೂರ್ಯನ ಬೆಳಕು ಎಲೆಯಾಗುತ್ತಲೇ ಇದೆ, ಎಲೆಯಿಂದ ಮೇಲಿನ ಮೆಟ್ಟಿಲಿಗೆ ಏರುವ ದಾರಿ ಮುಚ್ಚಿದೆ. ಉಪಗ್ರಹದ ಚಿತ್ರದಲ್ಲಿ ಕಾಡು ಹಸಿರಾಗಿಯೇ ಕಾಣುತ್ತದೆ. ಹುಲಿಯ ಹೆಸರಿನಲ್ಲಿ ಖರ್ಚಾಗುವ ಹಣದಲ್ಲಿ ಈ ಗಿಡಗಳನ್ನು ಕಿತ್ತು ಹುಲ್ಲು ಬರಿಸುವ ಕೆಲಸಕ್ಕೆ ಇನ್ನೂ ಎಷ್ಟೋ ಹೆಚ್ಚು ಪಾಲು ಹೋಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕುಟ್ಟ ಮುಟ್ಟುವಾಗ ಮಳೆ ಮತ್ತೆ ಶುರುವಾಗಿತ್ತು.

ಮೂರನೇ ದಿನ: ತೋಟದ ಅತ್ತಿಮರ

ಉಳಿದುಕೊಂಡಿದ್ದು ಕುಟ್ಟದ ಹತ್ತಿರದ ಕಾಫಿತೋಟದ ಮನೆಯಲ್ಲಿ. ಬೆಳಿಗ್ಗೆ ಬಿಸಿ ಕಡಂಬುಟ್ಟು, ಬಿದಿರು ಕಳಲೆಯ ಪಲ್ಯ. ತೋಟದ ಯಜಮಾನರು ಎಪ್ಪತ್ತು ದಾಟಿದವರು, ಕೊಡೆ ಹಿಡಿದು ತಾವೇ ತೋಟ ಸುತ್ತಿಸಿದರು. ಕಾಲಿಗೆ ಜಿಗಣೆ ಹತ್ತದಿರಲೆಂದು ಸುಣ್ಣ, ಹೊಗೆಸೊಪ್ಪು ಕಲಸಿ ಹಚ್ಚಿಕೊಟ್ಟರು. ಮಳೆಯಲ್ಲಿ ಕೊಡಗಿಗೆ ಬರುವವರು ಉದ್ದನೆಯ ಕಾಲುಚೀಲ ಮರೆಯಬಾರದು.

ತೋಟದ ತೋಡಿನ ಪಕ್ಕ ಒಂದು ಹಳೆಯ ಅತ್ತಿಮರ. ಬುಡದಿಂದಲೇ ಗೊಂಚಲು ಗೊಂಚಲು ಕಾಯಿ. "ಸಿಲ್ವರ್ ಓಕ್ ಹಾಕಿ ಅಂತ ಎಲ್ಲರೂ ಹೇಳಿದ್ರು. ಇದನ್ನ ಕಡಿಯೋಕೆ ಮನಸ್ಸು ಬರಲಿಲ್ಲಮ್ಮ. ನೋಡಿ, ಇದೊಂದು ಮರ ಎಷ್ಟು ಜನಕ್ಕೆ ಊಟ ಹಾಕ್ತದೆ" ಎಂದರು. ಅವರು ಜನ ಎಂದದ್ದು ಕುಟ್ರುಹಕ್ಕಿ, ಕೆಂಜಳಿಲು, ಬಾವಲಿಗಳನ್ನು.

ಅತ್ತಿಹಣ್ಣು ಒಡೆದರೆ ಹುಳು ಎನ್ನುವುದು ಎಲ್ಲರಿಗೂ ಗೊತ್ತು. ಆ ಹುಳು ಎಳ್ಳಿಗಿಂತ ಚಿಕ್ಕ ಕಣಜ. ಕಾಯಿಯೊಳಗೆ ನುಗ್ಗಿ, ಒಳಗಿನ ಹೂಗಳಿಗೆ ಪರಾಗ ಕೊಟ್ಟು, ಕೆಲವದರಲ್ಲಿ ಮೊಟ್ಟೆ ಇಡುತ್ತದೆ. ಪರಾಗ ತರದೆ ಹೊರಗಿನಿಂದಲೇ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆ ಇಡುವ ಕಣಜಗಳೂ ಇವೆ, ಅವುಗಳಲ್ಲಿ ಕೆಲವು ಬೇರೆ ಕಣಜದ ಮರಿಯನ್ನೇ ತಿಂದು ಬೆಳೆಯುತ್ತವೆ. ಹೊರಗೆ ಬರುವ ಕಣಜಗಳನ್ನು ಹಿಡಿಯಲು ಚಗಳಿ ಇರುವೆಗಳು ಕಾಯಿಯ ಮೇಲೆ ಓಡಾಡುತ್ತಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿಮರದ ಈ ಸಂಸಾರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹುಡುಗನಿಗೆ ಕೇಳಿದೆ, ಇಲ್ಲಿ ತಲೆ ಎಣಿಸಿ ಚಿತ್ರ ಬರೆದರೆ ಹೇಗಿರುತ್ತದೆ? ಅವನು ಮರದ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಗೀರಿದ. ಬುಡದಲ್ಲಿ ಒಂದೇ ಮರ, ಅದರ ಮೇಲೆ ಲೆಕ್ಕ ಸಿಗದಷ್ಟು ಕಣಜ, ಮತ್ತೆ ಅವನ್ನು ತಿನ್ನುವವು. ತ್ರಿಕೋನ ತಲೆಕೆಳಗು! ತೂಕ ಹಾಕಿ ನೋಡು ಎಂದೆ. ಅಷ್ಟು ಕಣಜಗಳನ್ನೂ ಒಟ್ಟುಗೂಡಿಸಿದರೂ ಆ ಮರದ ಒಂದು ಕೊಂಬೆಯ ತೂಕ ಆಗಲಾರದು. ಚಿತ್ರ ಮತ್ತೆ ನೆಟ್ಟಗೆ ನಿಂತಿತು.

ಮಡಿಕೇರಿಯಲ್ಲಿ ರಾತ್ರಿ ಕಳೆದೆವು. ಕರೆಂಟು ಇರಲಿಲ್ಲ, ಕಿಟಕಿಗೆ ಮಳೆ ಬಡಿಯುತ್ತಿತ್ತು. ಮೇಣದಬತ್ತಿ ಹಚ್ಚಿಟ್ಟು ಹುಡುಗನಿಗೆ ರೇಮಂಡ್ ಲಿಂಡೆಮನ್ ಕಥೆ ಹೇಳಿದೆ. ಪಾಠದಲ್ಲಿ ಹೆಸರು ಮಾತ್ರ ಬಂದು ಹೋಗುವ ಆ ಮನುಷ್ಯನ ಬಗ್ಗೆ ನನಗೆ ವಿಶೇಷ ಮಮತೆ. 1927ರಲ್ಲಿ ಚಾರ್ಲ್ಸ್ ಎಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಸಂಖ್ಯೆಗಳ ಪಿರಮಿಡ್ಡನ್ನು ವಿವರಿಸಿದ್ದರು: ಕೆಳಗೆ ಚಿಕ್ಕವು ಬಹಳ, ಮೇಲೆ ದೊಡ್ಡವು ಕೆಲವೇ. ಲಿಂಡೆಮನ್ ಅಮೆರಿಕದ ಮಿನ್ನೆಸೋಟಾದ ಸೀಡರ್ ಬಾಗ್ ಎಂಬ ಪುಟ್ಟ ಜೌಗು ಕೆರೆಯಲ್ಲಿ ವರ್ಷಗಟ್ಟಲೆ ಪಾಚಿ, ಹುಳ, ಮೀನುಗಳನ್ನು ತೂಗಿ ಎಲ್ಲವನ್ನೂ ಶಕ್ತಿಯ ಅಳತೆಗೆ ಇಳಿಸಿದರು. ಅವರ ಪ್ರಬಂಧವನ್ನು ಪತ್ರಿಕೆಯ ಪರಿಶೀಲಕರು ಮೊದಲು ತಿರಸ್ಕರಿಸಿದ್ದರು. ಗುರುಗಳಾದ ಹಚಿನ್ಸನ್ ಪಟ್ಟು ಹಿಡಿದ ಮೇಲೆ 1942ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಲಿಂಡೆಮನ್ ತೀರಿಕೊಂಡಿದ್ದರು, 26ನೇ ವಯಸ್ಸಿಗೆ. ಆ ಕೆರೆಯಲ್ಲಿ ಸಸ್ಯಗಳು ಹಿಡಿದಿಟ್ಟ ಬೆಳಕು ಶೇಕಡಾ 0.1, ಅಲ್ಲಿಂದ ಮುಂದಿನ ಸ್ತರಕ್ಕೆ 13.3, ಅದರ ಮುಂದಿನದಕ್ಕೆ 22.3. ಎಲ್ಲೂ ಸರಿಯಾಗಿ ಹತ್ತಿಲ್ಲ. ಶೇಕಡಾ ಹತ್ತು ಎಂಬುದು ನೆನಪಿಗೆ ಸುಲಭವಾದ ಸರಾಸರಿ.

"26 ಅಷ್ಟೇನಾ?" ಎಂದ ಹುಡುಗ. ಮತ್ತೆ ತುಂಬ ಹೊತ್ತು ಮಾತಾಡಲಿಲ್ಲ.

ನಾಲ್ಕನೇ ದಿನ: ಮಲ್ಪೆ

ಸಂಪಾಜೆ ಘಾಟಿಯಲ್ಲಿ ಮರ ಬಿದ್ದು ದಾರಿ ಕಟ್ಟಿತ್ತು. ಊರಿನ ಹುಡುಗರು ಗರಗಸ ತಂದು ಕೊಯ್ದು ಪಕ್ಕಕ್ಕೆ ಉರುಳಿಸುವವರೆಗೆ ಕಾಯಬೇಕಾಯಿತು. ಸುಳ್ಯದಲ್ಲಿ ನೀರುದೋಸೆ ತಿಂದು, ಪುತ್ತೂರು, ಮಂಗಳೂರು ಹಾದು ಕತ್ತಲಾಗುವಾಗ ಉಡುಪಿ ಸೇರಿದೆವು. ಮೈಗೆ ಅಂಟುವ ಸೆಕೆ.

ಮರುದಿನ ನಸುಕಿಗೇ ಮಲ್ಪೆ ಬಂದರಿನಲ್ಲಿದ್ದೆವು. ತಡಮಾಡಿದರೆ ಮೀನಿನ ಹರಾಜು ಮುಗಿದು ನೋಡಲು ಏನೂ ಉಳಿಯುವುದಿಲ್ಲ. ಜಾರದ ಚಪ್ಪಲಿ ಹಾಕಿಕೊಳ್ಳಿ, ನೆಲವೆಲ್ಲ ಮಂಜುಗಡ್ಡೆಯ ನೀರು. ಬುಟ್ಟಿ ಬುಟ್ಟಿ ಬೂತಾಯಿ, ಬಂಗುಡೆ. ಅಂಜಲ್ ಮಾತ್ರ ಬೇರೆಯಾಗಿ, ಎಣಿಸಿ ಇಡುವಷ್ಟು. "ಅಮ್ಮ, ಬೂತಾಯಿ ತಕೊಳ್ಳಿ, ತಾಜಾ ಉಂಟು" ಎಂದು ಒಬ್ಬರು ಕರೆದರು. ಪಕ್ಕದಲ್ಲಿ ಇನ್ನೊಬ್ಬರು ಗಿರಾಕಿಗೆ ಅಂಜಲ್ ಕೊಯ್ಯುತ್ತಿದ್ದರು. ಹೊಟ್ಟೆ ಸೀಳಿದಾಗ ಒಳಗಿನಿಂದ ಅರೆಬರೆ ಕರಗಿದ ಬೂತಾಯಿ ಜಾರಿ ಬಿತ್ತು. ಹುಡುಗ ಬಗ್ಗಿ ನೋಡಿದ. "ಅದರ ಊಟ ಅದೇ ಮಗಾ" ಎಂದು ಆಕೆ ನಕ್ಕರು. ನಾವು ಕೇಳಿದ್ದಕ್ಕೆ ಬೂತಾಯಿಯ ಕಿವಿರು ಎತ್ತಿ ತೋರಿಸಿದರು. ಒಳಗೆ ಕೂದಲಿನಷ್ಟು ಸಣ್ಣ ಎಳೆಗಳು ಒತ್ತಾಗಿ ಸಾಲುಗಟ್ಟಿವೆ, ಡಯಾಟಮ್ಮಿನಂಥ ಸೂಕ್ಷ್ಮ ಪಾಚಿಗಳನ್ನು ನೀರಿನಿಂದ ಸೋಸಿಕೊಳ್ಳಲು.

ಬೂತಾಯಿ ರಾಶಿಯಾಗಿ ಸಿಗುವುದಕ್ಕೂ ಅಂಜಲ್ ದುಬಾರಿಯಾಗಿರುವುದಕ್ಕೂ ಹಿಂದಿರುವುದು ಇದೇ ಮೆಟ್ಟಿಲು. ಬೂತಾಯಿ ಪಾಚಿಗೆ ಹತ್ತಿರದ್ದು, ಅಂಜಲ್ ಅದಕ್ಕಿಂತ ಮೇಲಿನದು. ಒಂದೊಂದು ಮೆಟ್ಟಿಲು ಏರುವಾಗಲೂ ಬಹುಪಾಲು ಶಕ್ತಿ ಸೋರಿಹೋಗುತ್ತದೆ. ಮೀನಿಗೆ ಮೈ ಬಿಸಿ ಮಾಡಿಕೊಳ್ಳುವ ಖರ್ಚಿಲ್ಲದ್ದರಿಂದ ಅದು ಜಿಂಕೆಯಷ್ಟು ಕಳೆಯುವುದಿಲ್ಲ, ಅದು ಬೇರೆ ಮಾತು.

ಕಡಲಿನ ಚಿತ್ರ ಇನ್ನೂ ವಿಚಿತ್ರ. ಇಲ್ಲಿ ಕೆಲವೊಮ್ಮೆ ತೂಕದ ಪಿರಮಿಡ್ಡೂ ತಲೆಕೆಳಗಾಗುತ್ತದೆ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಅಳೆದಾಗ ಚದರ ಮೀಟರಿಗೆ ಸಸ್ಯಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) 4 ಗ್ರಾಂ, ಅದರ ಆಧಾರದ ಮೇಲೆ ಬದುಕುವ ಪ್ರಾಣಿಗಳು 21 ಗ್ರಾಂ ಇದ್ದವು. ನಾಲ್ಕು ಗ್ರಾಂ ಇಪ್ಪತ್ತೊಂದನ್ನು ಸಾಕುವುದು ಹೇಗೆ? ಬಂದರಿನ ಎದುರಿನ ಹೋಟೆಲಿನಲ್ಲಿ ಉತ್ತರ ಸಿಕ್ಕಿತು. ಕಾವಲಿಯ ಮೇಲೆ ಯಾವ ಹೊತ್ತಿಗೆ ನೋಡಿದರೂ ಏಳೆಂಟೇ ದೋಸೆ. ಆದರೆ ಹುಯ್ಯುತ್ತಲೇ, ತೆಗೆಯುತ್ತಲೇ ಇರುವುದರಿಂದ ಬೆಳಗಿನೊಳಗೆ ನೂರಾರು ಜನ ಉಂಡು ಏಳುತ್ತಾರೆ. ಪಾಚಿಯ ಕಣ ಒಂದೆರಡು ದಿನಕ್ಕೆ ಎರಡಾಗುತ್ತದೆ, ಆದಂತೆ ತಿಂದುಹೋಗುತ್ತದೆ. ಮೀನಿನ ಬದುಕು ವರ್ಷಗಳದು. ಒಂದು ಕ್ಷಣದಲ್ಲಿ ತೂಗಿದರೆ ಬುಡ ಹಗುರ, ವರ್ಷವಿಡೀ ಹರಿದದ್ದನ್ನು ಅಳೆದರೆ ಬುಡವೇ ಭಾರ. ಅದಕ್ಕೇ ಸಂಖ್ಯೆ, ತೂಕಗಳ ಪಿರಮಿಡ್ಡು ಎಲ್ಲಿ ಹೇಗೆ ನಿಂತರೂ ಶಕ್ತಿಯದ್ದು ಮಾತ್ರ ಯಾವ ಕಾಡಿನಲ್ಲೂ ಯಾವ ಕಡಲಿನಲ್ಲೂ ತಲೆಕೆಳಗಾಗುವುದಿಲ್ಲ. ಬಿಸಿಯಾಗಿ ಹೋದದ್ದು ಮತ್ತೆ ಎಲೆಯೊಳಗೆ ಬರುವುದಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬೂತಾಯಿ ಪುಳಿಮುಂಚಿ. ಬಲೆ ಹೆಣೆಯುತ್ತಾ ಕೂತಿದ್ದ ಹಿರಿಯರೊಬ್ಬರು ಅಲ್ಲೇ ಮಾತಿಗೆ ಸಿಕ್ಕರು. ಸಣ್ಣ ಬೂತಾಯಿಯೆಲ್ಲ ಲಾರಿ ತುಂಬಿ ಮೀನುಹುಡಿಯ ಕಾರ್ಖಾನೆಗೆ ಹೋಗುವುದು ಅವರಿಗೆ ದೊಡ್ಡ ಬೇಸರ. "ನಾವು ತಿನ್ನುವ ಮೀನನ್ನು ಪುಡಿ ಮಾಡಿ ಸಿಗಡಿಗೆ, ಕೋಳಿಗೆ ಹಾಕುವುದು ಎಂತ ಲೆಕ್ಕ ಮಾರಾಯ್ರೆ?" ಎಂದರು. ಅವರ ಮಾತು ಅಕ್ಷರಕ್ಷರ ಸರಿ. ನಮ್ಮ ತಟ್ಟೆಗೂ ಪಾಚಿಗೂ ನಡುವೆ ಇನ್ನೊಂದು ಮೆಟ್ಟಿಲು ಕಟ್ಟಿ, ಅಲ್ಲಿ ಬಹುಪಾಲನ್ನು ಸುಟ್ಟು, ಉಳಿದದ್ದನ್ನು ದುಬಾರಿ ಬೆಲೆಗೆ ತಿನ್ನುವ ಲೆಕ್ಕ ಅದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಕಡಲು ಸ್ವಲ್ಪ ತಗ್ಗಿದಾಗ ನಾಡದೋಣಿಗಳು ಮಾತ್ರ ದಡದ ಹತ್ತಿರ ಬಲೆ ಬಿಡುತ್ತವೆ. ಬೂತಾಯಿ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಮುಂಗಾರಿನ ಗಾಳಿ ಮೇಲಿನ ನೀರನ್ನು ದೂರ ಸರಿಸಿ, ತಳದ ತಣ್ಣನೆಯ ನೀರು ಸತ್ವ ಹೊತ್ತು ಮೇಲೆ ಬರುವ ಕಾಲ ಅದು, ಡಯಾಟಮ್‌ಗಳು ಹೆಚ್ಚುವ ಕಾಲವೂ ಹೌದು. ಆಗ ತೂಕದ ಚಿತ್ರವೂ ಬದಲಾಗುತ್ತದೆ, ಪಾಚಿಯ ಪಾಲು ಏರುತ್ತದೆ. "ಆಗಸ್ಟಿನಲ್ಲಿ ಬನ್ನಿ, ನೀರಿನ ಬಣ್ಣವೇ ಬೇರೆ ಇರ್ತದೆ" ಎಂದರು ಹಿರಿಯರು. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ದೋಣಿ ಇರುವುದಿಲ್ಲ, ಬಂದರಿಗೆ ಬರಲು ಅಡ್ಡಿಯಿಲ್ಲ. ಆ ತಿಂಗಳ ಎರಡನೇ ಶನಿವಾರಕ್ಕೆ ಹುಡುಗ ಆಗಲೇ ಗುರುತು ಹಾಕಿಟ್ಟಿದ್ದಾನೆ. ಕಾಲೇಜಿನಿಂದ ಸೂಕ್ಷ್ಮದರ್ಶಕ ತರುವ ಹೊಣೆ ನನ್ನದು.